ಒಳಗಿನಿಂದ ಸದ್ದು, ಅಸ್ಪಷ್ಟ

4 ಆಗಸ್ಟ್, ಸೋಮವಾರ. ಇಳಕಲ್ಲ, ರೂಮು

ಏಳನೇ ಸಂದರ್ಶನ ಟೈಪ್ ಮಾಡಿ ಮುಗಿಸಿದೆ. ಒಂದು ತಾಸಿನ ಮಾತಿಗೆ ಆರು ತಾಸು. ಪಕ್ಕದ ಮನೆಯ ಮಗ್ಗ ನಿಂತಾಗ ಮಾತ್ರ ರೆಕಾರ್ಡಿಂಗ್ ಸರಿ ಕೇಳುತ್ತದೆ.

ಬಾಗಲಕೋಟೆ ಆಫೀಸಿನಿಂದ ಶೀಲಾ ಮೇಡಂ ಫೋನ್. "ಪೈಪಿನ ಅಂಕಿ-ಸಂಖ್ಯೆ ಇಂಜಿನಿಯರ್ ಕಡೆ ಅದಾವ. ನಮಗ ಅವು ಬ್ಯಾಡ. ಹೊಳಿ ಬಂದಾಗ ನೀರು ಯಾರು ನಡಿಸಿದ್ರು, ಹೆಂಗ ನಡಿಸಿದ್ರು, ಅವರ ಬಾಯಿಂದನ ಬರ್ಲಿ." ಪ್ರಾಜೆಕ್ಟೇ ಅದು. 2019ರ ಮಲಪ್ರಭೆ ಪ್ರವಾಹದಲ್ಲಿ ಕುಡಿಯುವ ನೀರಿನ ಲೈನ್ ಹೇಗೆ ತಾಳಿಕೊಂಡಿತು. ಇಂಗ್ಲಿಷಿನಲ್ಲಿ ರಿಸಿಲಿಯನ್ಸ್. ನಾನು ತಾಳಿಕೆ ಅಂತ ಬರೆಯುತ್ತೇನೆ.

ಕಥೆ ಕೇಳಿದ್ದಕ್ಕೆ ಪಗಾರ ಕೊಡುತ್ತಾರೆ ಅಂದಿದ್ದರೆ ನಮ್ಮಜ್ಜಿ ನಂಬುತ್ತಿರಲಿಲ್ಲ. ಅಕಿ ಪುಕ್ಕಟೆ ಹೇಳಿದಾಕಿ.

ನಾಳೆ ಹುನಗುಂದದ ಆಚೆಯ ಊರು. ವಾಲ್‌ಮನ್ ಹುಲ್ಲಪ್ಪ.

5 ಆಗಸ್ಟ್

ಹುಲ್ಲಪ್ಪ ಕಾಕಾಗೆ ಐವತ್ತೆಂಟು. ಮೂವತ್ತು ವರ್ಷದಿಂದ ನೀರು ಬಿಡುತ್ತಾನೆ. ವಾಲ್ ತಿರುವುವ ಕಬ್ಬಿಣದ ಚಾವಿ ಅವನ ಹೆಗಲಷ್ಟು ಎತ್ತರ. ಅಮೀನಗಡದ ಕರದಂಟು ಒಯ್ದಿದ್ದೆ. ಕೈಯಲ್ಲಿ ತೂಗಿ ನೋಡಿದ. "ತಂದಿದ್ದು ಖರೆ, ಕಡಿಲಿಕ್ಕೆ ಹಲ್ಲೂ ತರಬೇಕಿತ್ತಲ್ಲೋ ತಮ್ಮಾ."

ಒಂದೇ ಗುಂಡಿಯಲ್ಲಿ ಎರಡು ವಾಲ್. ದೊಡ್ಡದು ಅವನ ಊರಿಗೆ, ಸಣ್ಣದು ಕೆಳಗಿನ ಊರಿಗೆ. ದೊಡ್ಡದರ ಹೆಸರು ಅತ್ತಿ, ಸಣ್ಣದರ ಹೆಸರು ಸೊಸಿ. "ಅತ್ತಿ ಉಂಡು ಡೇಗಿದ ಮ್ಯಾಲನ ಸೊಸಿಗಿ. ಹೊಳಿ ಬಂದಾಗ ಅತ್ತಿ ಬಾಯಿ ಕಟ್ಟಿ ಸೊಸಿಗಿ ಉಣಿಸಿದೆ. ಅತ್ತಿಗಿ ಸುದ್ದಿ ಇಲ್ಲ!" ನಾನು ನಕ್ಕು ನಕ್ಕು ಪೆನ್ನು ಬೀಳಿಸಿದೆ.

ಎಷ್ಟು ಸುತ್ತು ತಿರುವಬೇಕು ಅಂತ ಕೇಳಿದೆ. ತಲೆ ಕೆರೆದು ಅಡುಗೆಮನೆ ಕಡೆ ನೋಡಿದ. ಒಳಗಿನಿಂದ ಏನೋ ಕೇಳಿಸಿತು. "ಹಾಂ, ಅದ," ಅಂದ. ಅವನ ಹೆಂಡತಿ ಸತ್ಯವ್ವ ಎರಡು ಸಲ ಚಹಾ ಕೊಟ್ಟಳು.

ಆಮೇಲೆ ದನಿ ಇಳಿಸಿದ.

ಪ್ರವಾಹದ ಮೂರನೇ ದಿನ, ನಸುಕು. ಕೆಳಗಿನ ಊರಿನ ಸೋಮಲಿಂಗ ಎದೆಮಟ್ಟ ನೀರಿನಲ್ಲಿ ನಡೆದು ಬಂದಿದ್ದ — ಸಂತ್ರಸ್ತರ ಶೆಡ್ಡಿನಲ್ಲಿ ಮಕ್ಕಳು ಕೆಂಪು ನೀರು ಕುಡಿದು ವಾಂತಿ ಮಾಡುತ್ತಿದ್ದರು, ವಾಲ್ ತೆಗಿರಿ ಅನ್ನಲು. ಗುಂಡಿಯ ಹತ್ತಿರ ರಾಜಕುಮಾರ ಕಾವಲಿದ್ದ. ಹುಲ್ಲಪ್ಪನ ತಂಗಿಯ ಮಗ. ಅವನವು ಎರಡು ನೀರಿನ ಟ್ಯಾಂಕರ್ ಇವೆ. ಪೈಪಿನಲ್ಲಿ ನೀರು ನಿಂತರೆ ಟ್ಯಾಂಕರ್ ಓಡುತ್ತದೆ.

"ಕಬ್ಬಿಣದ ಹಾರಿಲೆ ಎರಡ ಏಟು. ಒಂದು ತೆಲಿಗಿ. ಇನ್ನೊಂದು, ಬಿದ್ದ ಮ್ಯಾಲ. ಕಾಲು ಹಿಡದು ಹೊಳಿಗಿ ಎಳದ. ಸೊಸಿ ತೆಗೀಲಿಕ್ಕ ಹ್ವಾದಾಂವ ನಾ ಜಾಲಿ ಕಂಟ್ಯಾಗ ಅಡಗಿ ಕುಂತಿದ್ದೆ. ಒದರಬಾರದಂತ ಕೈ ಕಚ್ಚಿಕೊಂಡೆ." ಎಡಗೈ ತೋರಿಸಿದ. ಹಲ್ಲಿನ ಗುರುತು, ಅರ್ಧಚಂದ್ರ. "ಆವಾಗ ಹಲ್ಲ ಇದ್ದುವು."

ಸೋಮಲಿಂಗ ಹೊಳೆಯಲ್ಲಿ ಹೋದ ಅಂತ ಸರಕಾರ ಬರೆದುಕೊಂಡಿತು. ಹುಲ್ಲಪ್ಪ ಬಾಯಿ ಬಿಡಲಿಲ್ಲ. ತಂಗಿಯ ಮಗ. ಆದರೆ ಅವತ್ತಿನಿಂದ ಹದಿಮೂರು ನಸುಕು ಕದ್ದು ಸೊಸಿಯನ್ನು ತೆಗೆದ.

"ಹೆಸರು ಬರೂದಿಲ್ಲಲ್ಲಾ?"

"ಬರೂದಿಲ್ಲ ಕಾಕಾ."

6 ಆಗಸ್ಟ್

ಟೈಪ್ ಮಾಡಿದೆ. ಕೊಲೆಯ ಭಾಗವನ್ನು ಮೇಡಂಗೆ ಫೋನಿನಲ್ಲಿ ಓದಿದೆ. "ಅದನ್ನ ತಗಿ. ವಕೀಲರನ್ನ ಕೇಳೂತನಾ ಯಾರಿಗೂ ತೋರಸಬ್ಯಾಡ." ತೆಗೆದೆ. ಹೆಸರು ತೆಗೆದು 'ನೀರು ಬಿಡುವವ–8' ಅಂತ ಹಾಕಿದೆ. ಸುತ್ತು ಎಷ್ಟು ಎಂಬಲ್ಲಿ ಕಂಸದೊಳಗೆ — ಒಳಗಿನಿಂದ ಸದ್ದು, ಅಸ್ಪಷ್ಟ.

ಅತ್ತಿ-ಸೊಸಿ ಉಳಿಸಿಕೊಂಡೆ. ಅಂಥ ಮಾತನ್ನು ಯಾರು ಅಳಿಸುತ್ತಾರೆ.

14 ಸೆಪ್ಟೆಂಬರ್, ಭಾನುವಾರ

ಕೊನೆಯ ಹಂತ. ಜನ ಹೇಳಿದ್ದನ್ನು ಜನರಿಗೇ ಓದಿ ಹೇಳಿ, ಸರಿಯೋ ತಪ್ಪೋ ಕೇಳುವುದು. ಹುಲ್ಲಪ್ಪನ ಊರಿನ ಸಮುದಾಯ ಭವನ ತುಂಬಿತ್ತು.

ಓದಲಿಲ್ಲ ನಾನು. ಆಡಿ ತೋರಿಸಿದೆ. ಅತ್ತಿಗೆ ಒಂದು ದನಿ, ಸೊಸಿಗೆ ಒಂದು ದನಿ. ನಗೆಯೋ ನಗೆ. ಮುಂದೆ ಕೂತಿದ್ದ ಮುದುಕಿ ಶಾರವ್ವ ಕಣ್ಣೊರೆಸಿಕೊಂಡು ಅಂದಳು — "ನಮ್ಮ ಹುಲ್ಲಪ್ಪಂದ ಐತಿ ಬಿಡ್ರಿ ಈ ಮಾತು. ಅವನ ಬಿಟ್ರ ಯಾರಂತಾರ ಹಿಂಗ?"

ಹೆಸರು ತೆಗೆದಿದ್ದೆ. ದನಿ ತೆಗೆದಿರಲಿಲ್ಲ.

ಅಲ್ಲೇ ನಿಲ್ಲಿಸಬೇಕಿತ್ತು. ನಾಲಿಗೆ ಓಟದಲ್ಲಿತ್ತು. "ಮೂರನೇ ದಿನದ ನಸುಕಿನಿಂದ, ಹದಿಮೂರು ದಿನ..." ಎರಡನೇ ಸಾಲಿನಲ್ಲಿ ರಾಜಕುಮಾರನ ನಗು ನಿಂತಿತು. ಮರ್ಯಾದೆಯಿಂದಲೇ ಕೇಳಿದ. "ಮೂರನೇ ದಿನದ ನಸುಕಿನ್ಯಾಗ ಅಂವಾ ಗುಂಡಿ ಹಂತೇಕ ಇದ್ದ ಅಂತೀರಿ, ಸರ. ಖರೇನ?"

ಖರೆ ಅಂದೆ.

ನಾನೇ ಅಂದೆ.

16 ಸೆಪ್ಟೆಂಬರ್

ಹುಲ್ಲಪ್ಪ ವಾಲ್ ಗುಂಡಿಯಲ್ಲಿ ಬಿದ್ದಿದ್ದ. ಹೊಡೆದದ್ದು ಅವನದೇ ಚಾವಿಯಿಂದ. ದವಡೆ ಮುರಿದಿದೆ. ಎರಡೂ ಕೈಯ ಬೆರಳುಗಳನ್ನು ಗುಂಡಿಯ ಅಂಚಿಗೆ ಇಟ್ಟು ಒಂದೊಂದೇ ಜಜ್ಜಿದ್ದಾರೆ. ಬಾಗಲಕೋಟೆ ದವಾಖಾನೆಯ ಕಾಗದದಲ್ಲಿ 'ನೀರಿನ ಟಾಕಿಯ ಏಣಿಯಿಂದ ಬಿದ್ದದ್ದು.' ಬರೆಸಿದವನು ರಾಜಕುಮಾರ. ಮಾವನನ್ನು ತನ್ನ ಗಾಡಿಯಲ್ಲೇ ತಂದು ಹಾಕಿದ್ದಾನೆ. ಹಣ್ಣೂ ತಂದಿಟ್ಟಿದ್ದಾನೆ.

ಹುಲ್ಲಪ್ಪ ನನ್ನನ್ನು ನೋಡಿದ. ಬಯ್ಯಲು ಬಾಯಿ ಇಲ್ಲ.

ಮೇಡಂ — "ಫೀಲ್ಡ್ ಬಂದ್ ಮಾಡಿ ವಾಪಸ್ ಬಾ." ಹೋಗಲಿಲ್ಲ.

21 ಸೆಪ್ಟೆಂಬರ್

ಆರು ದಿನದಿಂದ ಎರಡೂ ಊರಿಗೆ ನೀರಿಲ್ಲ. ಹೊಳೆ ತುಂಬ ಕೆಂಪು ನೀರು, ಕುಡಿಯಲು ಹನಿ ಇಲ್ಲ. ಇಂಜಿನಿಯರ್ ಕಳಿಸಿದ ಇಬ್ಬರು ನಿನ್ನೆ ವಾಲ್ ತಿರುವಿದರು, ಒಂದೇ ಉಸಿರಿಗೆ. ಜಾಯಿಂಟ್ ಸಿಡಿದು ಕಬ್ಬಿಣದ ತುಂಡು ಒಬ್ಬನ ಮೊಣಕಾಲು ಹಾರಿಸಿತು. ಎಲುಬು ಬೆಳ್ಳಗೆ ಕಂಡಿತು. ಜಾಯಿಂಟ್ ಹಾಕಿಸಿ ಹೋದರು. ವಾಲ್ ಮುಟ್ಟುವವರಿಲ್ಲ.

ಇವತ್ತು ಟ್ಯಾಂಕರ್ ಪಾಳಿಯಲ್ಲಿ ಕೊಡದಿಂದ ಕೊಡಕ್ಕೆ ಬಡಿದಾಟ. ಶಾರವ್ವನ ಹಣೆ ಸೀಳಿತು. ಆ ರಕ್ತ ತುಳಿದುಕೊಂಡೇ ಪಾಳಿ ಮುಂದಕ್ಕೆ ಹೋಯಿತು.

ಮೂವತ್ತು ವರ್ಷ ಎರಡು ಊರಿನ ತಾಳಿಕೆ ಒಬ್ಬನ ತಲೆಯಲ್ಲಿ ಇತ್ತು. ಹಂಗಂದುಕೊಂಡಿದ್ದೆ.

25 ಸೆಪ್ಟೆಂಬರ್

ಹುಲ್ಲಪ್ಪ ಮುಂಜಾನೆ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ರಾಜಕುಮಾರ ಎಲ್ಲರಿಗಿಂತ ಜೋರಾಗಿ ಅತ್ತ.

26 ಸೆಪ್ಟೆಂಬರ್

ಅವನ ದನಿ ಕೇಳಬೇಕೆನಿಸಿ ರೆಕಾರ್ಡಿಂಗ್ ಹಾಕಿದೆ. ಮಗ್ಗ ನಿಂತಿತ್ತು. ಇಯರ್‌ಫೋನ್ ಇತ್ತು. ಎಷ್ಟು ಸುತ್ತು ಅಂತ ನಾನು ಕೇಳುತ್ತೇನೆ. ಆಮೇಲೆ, ಪಾತ್ರೆ ಸಪ್ಪಳದ ನಡುವೆ, ಸತ್ಯವ್ವನ ದನಿ, ಸ್ಪಷ್ಟವಾಗಿ —

"ಸೊಸಿಗಿ ಹನ್ನೊಂದು. ಏಳಕ್ಕ ನಿಂದ್ರು ಅಂತ ಹೇಳು ಅವಗ."

ಐದು ಸಲ ಕೇಳಿದೆ.

27 ಸೆಪ್ಟೆಂಬರ್

ಸತ್ಯವ್ವನ ಮನೆ. ತಪ್ಪೊಪ್ಪಿಕೊಂಡೆ, ಎಲ್ಲ. ಅಕಿ ಜೋಳ ಹಸನು ಮಾಡುತ್ತಲೇ ಇದ್ದಳು.

"ಅಂವಾ ತಿರುವ್ತಿದ್ದ. ನಾ ಎಣಸ್ತಿದ್ದೆ. ತಿರುವಾವಗ ಲೆಕ್ಕ ಇರೂದಿಲ್ಲ, ದಮ್ಮ ಹತ್ತಿರ್ತದ."

"ನನಗ್ಯಾಕ ಹೇಳಲಿಲ್ಲ ಚಿಗವ್ವಾ?"

"ನೀ ಕೇಳಿದ್ರ ಹೇಳ್ತಿದ್ದೆ. ಚಾ ಚಲೋ ಆಗೇತಿ ಅಂದಿ, ಇನ್ನೊಂದಿಷ್ಟ ಕೊಟ್ಟೆ." ಮೊರ ಕೆಳಗಿಟ್ಟಳು. "ಮೂರನೇ ದಿನ ಕಂಟ್ಯಾಗ ನಾನೂ ಇದ್ದೆ. ಒದರತೇನಂತ ನನ್ನ ಬಾಯಿಗಿ ಒಂದು ಕೈ ಹಿಡದಿದ್ದ. ಇನ್ನೊಂದು ಕೈ ಅಂವಾ ಕಚ್ಚಿದ್ದ."

ಮಧ್ಯಾಹ್ನ ಇಬ್ಬರೂ ಕೆಳಗಿನ ಊರಿಗೆ ನಡೆದು ಹೋದೆವು. ಸೋಮಲಿಂಗನ ಹೆಂಡತಿ ಚಂದವ್ವನ ಮನೆ. ಸತ್ಯವ್ವ ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದಳು. ಚಂದವ್ವ ಎದ್ದು ಬಂದು ಅವಳ ಕೆನ್ನೆಗೆ ಹೊಡೆದಳು. ಮತ್ತೊಂದು. ಸತ್ಯವ್ವ ಮುಖ ತಿರುಗಿಸಲಿಲ್ಲ. ಮೂರನೆಯದಕ್ಕೆ ಚಂದವ್ವನ ಕೈ ಸೋತಿತು. ಹೊಸ್ತಿಲ ಮೇಲೆ ಕೂತು ಕೇಳಿದಳು — "ಆ ಹದಿಮೂರ ದಿನದ ನೀರು ನೀವು ಬಿಟ್ಟಿದ್ದೇನು?"

ಸಂಜೆ ರೆಕಾರ್ಡಿಂಗ್ ಠಾಣೆಗೆ ಕೊಟ್ಟೆ. ಸತ್ಯವ್ವ ಹೇಳಿಕೆ ಕೊಟ್ಟಳು. ನಾಳೆ ಬರ್ತೇವಿ ಅಂದಿದ್ದಾರೆ.

28 ಸೆಪ್ಟೆಂಬರ್, ಮುಂಜಾನೆ 6.40. ವಾಲ್ ಗುಂಡಿ

ಪೊಲೀಸರು ಇನ್ನೂ ಬಂದಿಲ್ಲ. ಸತ್ಯವ್ವ ಕಾಯಲು ಒಪ್ಪಲಿಲ್ಲ. ಸುತ್ತ ನಲವತ್ತು-ಐವತ್ತು ಹೆಂಗಸರು, ಖಾಲಿ ಕೊಡ. ಚಾವಿಯ ಒಂದು ತೋಳು ಸತ್ಯವ್ವನ ಕೈಯಲ್ಲಿ, ಇನ್ನೊಂದು ಚಂದವ್ವನ ಕೈಯಲ್ಲಿ. ನನಗೆ ಹೇಳಿದ್ದು ಇಷ್ಟೇ — "ಏನರ ಆಗ್ಲಿ, ನೀ ಬರಿ. ಒಬ್ಬರ ತೆಲ್ಯಾಗ ಇನ್ನ ಇಡೂದು ಬ್ಯಾಡ."

ಅತ್ತಿ: ಬಲಕ್ಕೆ ಹದಿನಾಲ್ಕು. ಮುಚ್ಚಿತು.

ಸೊಸಿ: ಎಡಕ್ಕೆ. ಒಂದು. ಎರಡು. ಮೂರು. ತುಕ್ಕು, ನಿಧಾನ. ನಾಲ್ಕು.

ರಸ್ತೆಯಲ್ಲಿ ಟ್ಯಾಂಕರ್ ನಿಂತಿತು. ಐದು. ಆರು. ರಾಜಕುಮಾರ ಇಳಿದ. ಕೈಯಲ್ಲಿ ಕಬ್ಬಿಣದ ಹಾರಿ.

ಏಳು. ಇಲ್ಲಿ ನಿಲ್ಲಬೇಕು. ಪೈಪಿನ ಗಾಳಿ ಹೋಗುವ ತನಕ ಚಾವಿ ಬಿಡುವಂತಿಲ್ಲ, ತಿರುವುವಂತಿಲ್ಲ. ಸುಂಯ್ ಅನ್ನುತ್ತಿದೆ. ಅವನು ಬರುತ್ತಿದ್ದಾನೆ. ಅಡ್ಡ ನಿಂತ ಒಬ್ಬ ಹೆಂಗಸಿನ ತೋಳಿಗೆ ಹೊಡೆದ. ತೋಳು ಮುರಿದ ಸಪ್ಪಳ ಇಲ್ಲಿಗೆ ಕೇಳಿತು. ಕೊಡ ಉರುಳಿತು. ಸತ್ಯವ್ವ ತಲೆ ಎತ್ತುತ್ತಿಲ್ಲ, ಕಿವಿ ಪೈಪಿನ ಮೇಲೆ.

ಸುಂಯ್ ನಿಂತಿತು. ಎಂಟು. ಒಂಬತ್ತು.

ಹಾರಿ ಎತ್ತಿದ. ಹತ್ತು. ಇನ್ನೊಂದೇ ಸುತ್ತು. ಪುಸ್ತಕ ಕೆಳಗಿಟ್ಟು ನಾನೂ ಅವನಿಗೆ ಅಡ್ಡ —