ಚೇಣಿಯ ವೀಳ್ಯ

ಹೊಸನಗರ,
19-11-2025, ಬುಧವಾರ

ಪ್ರೀತಿಯ ತಮ್ಮ ದಿನೇಶನಿಗೆ ಅಕ್ಕ ಸುಪ್ರಿಯಾ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ? ಮೂಳೆಗಳೆಲ್ಲ ಇದ್ದ ಜಾಗದಲ್ಲೇ ಇವೆ ತಾನೆ? ತಮಾಷೆಗೆ ಕೇಳುತ್ತಿಲ್ಲ. ಈಚೆಗೆ ನಮ್ಮ ಮನೆಯಲ್ಲಿ ಆರೋಗ್ಯ ವಿಚಾರಿಸುವುದೆಂದರೆ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿಯುವುದು ಎಂದಾಗಿದೆ. ನಿನ್ನ ಗ್ಯಾಸ್ಟ್ರಿಕ್ ಮಾತ್ರೆ ಸಾಗರದ ಆಫೀಸಿನ ಮೇಜಿನ ಮೇಲೆಯೇ ಬಿಟ್ಟು ಓಡಿದ್ದೀಯ, ಹೊತ್ತಿಗೆ ಸರಿಯಾಗಿ ಊಟ ಮಾಡು. ತೀರ್ಥಹಳ್ಳಿಯಲ್ಲಿ ಜಲಜಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೀಯ ಎಂಬುದು ನನಗೆ ಹೇಗೆ ಗೊತ್ತಾಯಿತು ಎಂದು ಚಿಕ್ಕಮ್ಮನ ಮೇಲೆ ರೇಗಬೇಡ. ಪಾಪ, ಅವಳು ಬಾಯಿ ಬಿಡಲಿಲ್ಲ. ಮೊನ್ನೆ ಫೋನಿನಲ್ಲಿ "ಬಂಗಡೆ ಸಾರು ಮಾಡಿದ್ದೆ ಕಣೆ, ತಳ ಕೆರೆದು ಖಾಲಿ ಆಯ್ತು" ಅಂದಳು, ಅಷ್ಟೆ. ಒಂಟಿ ಹೆಂಗಸು, ಚಿಕ್ಕಪ್ಪ ಹೋದ ಮೇಲೆ ಮೀನು ಮುಟ್ಟದವಳು. ತಳ ಕೆರೆಯುವವರು ನಮ್ಮ ವಂಶದಲ್ಲಿ ಯಾರು ಎಂದು ನನಗೆ ಗೊತ್ತಿಲ್ಲವೆ? ನಿನ್ನ ಫೋನು ಸತ್ತಿದೆ, ಅದಕ್ಕೇ ಕಾಗದ. ಓದುವುದನ್ನು ನಡುವೆ ನಿಲ್ಲಿಸಬೇಡ, ಕೊನೆಯವರೆಗೆ ಓದು.

ಮೊದಲು ನಿನ್ನ ಭಾವನ ಸುದ್ದಿ. ಶಿವಮೊಗ್ಗದಲ್ಲಿ ದವಡೆಗೆ ಪ್ಲೇಟು ಹಾಕಿ ಹಲ್ಲುಗಳಿಗೆ ತಂತಿ ಬಿಗಿದು ಕಳಿಸಿದ್ದಾರೆ. ಗಂಜಿಯನ್ನು ಸ್ಟ್ರಾದಲ್ಲಿ ಹೀರುತ್ತಾರೆ. ಎಡಕಿವಿ ಇನ್ನು ಕೇಳಿಸುವುದಿಲ್ಲವಂತೆ. ನಾನು ಬಯ್ಯುವಾಗ ಆ ಕಡೆ ತಿರುಗಿಸುತ್ತಾರೆ, ಮನುಷ್ಯ ಏನನ್ನಾದರೂ ಉಪಯೋಗಕ್ಕೆ ತಂದುಕೊಳ್ಳುತ್ತಾನೆ ನೋಡು. ನಿನಗೆ ಕಮಿಷನ್ನು, ಅವರಿಗೆ ಆಪರೇಷನ್ನು. ಅವರು ಮಾಡಿದ ತಪ್ಪು ಇಷ್ಟೆ. ನೀನು ಮೂರು ವರ್ಷದ ಹಿಂದೆ ಜನರಿಂದ ದುಡ್ಡು ಹೂಡಿಸಲು ಮೀಟಿಂಗ್ ಮಾಡಿದಾಗ ಬಾಮೈದನೆಂದು ಬಾಡಿಗೆ ತೆಗೆದುಕೊಳ್ಳದೆ ಶಾಮಿಯಾನ, ಕುರ್ಚಿ, ಮೈಕು ಕೊಟ್ಟರು.

ಕಳೆದ ಗುರುವಾರ ಬೆಳಿಗ್ಗೆ, ನಿನ್ನ ಮಾತು ಕೇಳಿ ದುಡ್ಡು ಹಾಕಿ ಕಳೆದುಕೊಂಡವರೆಲ್ಲ ಮೊದಲು ಸಾಗರಕ್ಕೆ ಹೋಗಿದ್ದಾರೆ. ನಿನ್ನ ಆಫೀಸಿಗೆ ಬೀಗ. ಬೋರ್ಡು ಕಿತ್ತು, ಬಾಗಿಲು ಮುರಿದು, ಕಂಪ್ಯೂಟರನ್ನು ಚರಂಡಿಗೆ ಎಸೆದರೂ ಕೈಯ ತುರಿಕೆ ಹೋಗಲಿಲ್ಲ. ಅಲ್ಲಿಂದ ಉಮೇಶನ ಪಿಕಪ್ಪಿನಲ್ಲಿ ತುಂಬಿಕೊಂಡು ನೇರ ಹೊಸನಗರಕ್ಕೆ, ನಮ್ಮ ಅಂಗಡಿಗೆ. ಉಮೇಶ ಎಂದರೆ ನಮ್ಮ ಉಮೇಶನೇ ಕಣೋ, ಅಪ್ಪಯ್ಯನ ಚೇಣಿ ಅಡಿಕೆ ಹೊತ್ತವನು, ನಿನ್ನನ್ನು ಮೂಟೆಗಳ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನು. ತೀರ್ಥಹಳ್ಳಿ ಕಡೆಯ ತೋಟದ ಯಜಮಾನ ಮಂಜಯ್ಯ ಗೌಡರು ಮುಂದಿನ ಸೀಟಿನಿಂದ ಇಳಿದರು. ಇಳಿದವರು ಪಂಚೆ ಸರಿಮಾಡಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಹೊಡೆಯಲು ಬಂದವರು ಚಪ್ಪಲಿ ಬಿಡುತ್ತಾರೆಯೆ ಎಂದು ನಾನು ಟೀಗೆ ನೀರಿಟ್ಟೆ.

"ಸತೀಶಣ್ಣ, ನಿನ್ ಬಾಮೈದನ್ನ ಎಲ್ಲಿ ಹುಗ್ಸಿಟ್ಟೀಯ?" ಅಂದ ಉಮೇಶ. ಭಾವ ಗೊತ್ತಿಲ್ಲ ಅಂದರು. ಆಗ ಇನ್ನೂ ನಿಜವಾಗಿಯೇ ಗೊತ್ತಿರಲಿಲ್ಲ. "ನಿನ್ ಶಾಮಿಯಾನದ ಅಡೀಲೇ ಕೂತು ನಾವ್ ಸಹಿ ಹಾಕಿದ್ದು ಮಾರಾಯ" ಎಂದರು ಗೌಡರು, ಮಗುವಿಗೆ ಪಾಠ ಹೇಳುವ ಹಾಗೆ ಮೆಲ್ಲಗೆ. ಹೇಳಿ ಮುಗಿಯುವ ಮೊದಲೇ ಒಂದು ಕಬ್ಬಿಣದ ಕುರ್ಚಿ ಗಾಳಿಯಲ್ಲಿತ್ತು. ಮೊದಲನೆಯದು ಹೆಗಲಿಗೆ, ಎರಡನೆಯದು ಕಿವಿಗೆ. ಬಿದ್ದವರನ್ನು ಕಾಲು ಹಿಡಿದು ಗೋದಾಮಿನೊಳಗೆ ಎಳೆದರು. ನಾನು ಅಡ್ಡ ಹೋದೆ. ಯಾರೋ ಜಡೆ ಹಿಡಿದು ಗೋಡೆಗೆ ಒಗೆದರು, ಹಣೆಯಲ್ಲಿ ಇನ್ನೂ ಗೋಲಿಯಷ್ಟು ದಪ್ಪದ ಗಂಟಿದೆ. ಕುರ್ಚಿ ಕೊಟ್ಟವನಿಗೆ ಕುರ್ಚಿಯಲ್ಲೇ ಅರ್ಚನೆ. ಆಮೇಲೆ ಶಾಮಿಯಾನದ ಪೈಪುಗಳು ಕೈಗೆ ಬಂದವು. ದವಡೆ ಮುರಿದ ಸದ್ದು ಹೇಗಿರುತ್ತದೆ ಗೊತ್ತೆ? ಸುಲಿಯದೆ ಒಣಗಿಸಿದ ಸಿಪ್ಪೆಗೋಟು ಅಡಿಕೆಯನ್ನು ಕಲ್ಲಿನಿಂದ ಜಜ್ಜಿದ ಹಾಗೆ. ರಸ್ತೆಯ ಆಚೆ ಬದಿಯ ಬೇಕರಿಯವನು ಶಟರ್ ಅರ್ಧ ಇಳಿಸಿ, ಬಗ್ಗಿ, ಉಳಿದರ್ಧದಲ್ಲಿ ನೋಡುತ್ತಿದ್ದ.

ಅಪ್ಪಯ್ಯ ಹಿಂದಿನ ಮನೆಯಲ್ಲಿದ್ದರು. ಕೊಯ್ಲಿನ ಕಾಲವಲ್ಲವೆ, ಚೇಣಿ ಬಿಟ್ಟು ವರ್ಷಗಳಾದರೂ ಈ ತಿಂಗಳು ಅವರಿಗೆ ಕಾಲು ನಿಲ್ಲುವುದಿಲ್ಲ, ಎಂದಿನಂತೆ ನಮ್ಮಲ್ಲಿಗೆ ಬಂದಿದ್ದರು. ಗಲಾಟೆ ಕೇಳಿ ಬಂದವರ ಕೈಯಲ್ಲಿ ನಾನು ಕತ್ತಿ ಇರುತ್ತದೆ ಅಂದುಕೊಂಡೆ. ದೇವರಾಣೆಗೂ ಆ ಗಳಿಗೆ ನನಗೆ ಕತ್ತಿಯೇ ಬೇಕಿತ್ತು. ಇದ್ದದ್ದು ವೀಳ್ಯದ ತಟ್ಟೆ.

ಅಪ್ಪಯ್ಯ ಚೇಣಿ ಮಾಡುತ್ತಿದ್ದುದು ನಿನಗೆ ಮರೆತಿರಲಾರದು. ಫಸಲು ಮರದ ಮೇಲಿರುವಾಗಲೇ ತೋಟ ಸುತ್ತಿ ಬೆಲೆ ಆಡುವುದು, ತೋಟದ ಯಜಮಾನರು ವೀಳ್ಯ ಕೊಡುವುದು, ಅಪ್ಪಯ್ಯ ಎರಡೂ ಕೈ ಚಾಚಿ ತೆಗೆದುಕೊಂಡು "ಇನ್ನು ಲಾಭ ನಷ್ಟ ನಂದು" ಎನ್ನುವುದು. ಆಮೇಲೆ ಕೊಳೆರೋಗ ಬರಲಿ, ಧಾರಣೆ ನೆಲ ಕಚ್ಚಲಿ, ಯಜಮಾನರಿಗೆ ಆಡಿದ ಬೆಲೆ ಬರಲೇಬೇಕು. ಕೊಳೆ ಬಂದು ಅರ್ಧ ತೋಟ ಉದುರಿದ ವರ್ಷ ಅಮ್ಮನ ಸರ ಮಾರಿ ಮಂಜಯ್ಯ ಗೌಡರಿಗೆ ಕೊಟ್ಟು ಬಂದದ್ದನ್ನು ಗೌಡರು ಇಂದಿಗೂ ಹೇಳುತ್ತಾರೆ. ನೀನು ಅದೇ ಜಗಲಿಗಳಿಗೆ ಹೋದೆ, ಕೆರಿಯಪ್ಪನ ಮಗ ಎಂದು. ಫೋನಿನಲ್ಲಿ ಓಟಿಪಿ ತೆಗೆದುಕೊಂಡೆ. ಅವರು ಅಭ್ಯಾಸಬಲದಿಂದ ವೀಳ್ಯ ಕೊಟ್ಟರು. ನೀನೂ ಅಭ್ಯಾಸಬಲದಿಂದ ಎರಡೂ ಕೈ ಚಾಚಿದೆ. ಆ ಮಾತು ನೀನು ಹೇಳಲಿಲ್ಲ, ಒಪ್ಪುತ್ತೇನೆ. ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಅವರ ಪಾಲಿಗೆ ವ್ಯವಹಾರ ನಡೆದದ್ದು ಎಲೆಯಲ್ಲಿ, ನಿನ್ನ ಪಾಲಿಗೆ ಮೊಬೈಲಿನಲ್ಲಿ. ಒಂದೇ ಜಗಲಿಯಲ್ಲಿ ಕೂತು ಎರಡು ಬೇರೆ ಬೇರೆ ವ್ಯಾಪಾರ ಮುಗಿಸಿ, ಒಟ್ಟಿಗೆ ಕವಳ ಹಾಕಿ ಉಗಿದು ಎದ್ದಿದ್ದೀರಿ.

ತಟ್ಟೆ ಹಿಡಿದ ಅಪ್ಪಯ್ಯ ಗೌಡರ ಎದುರು ನಿಂತು "ಕೊಡಿ ಗೌಡ್ರೆ. ನಂಗೆ ಕೊಡಿ" ಅಂದರು. ಗೌಡರ ಕೈಯ ಪೈಪು ತಾನಾಗಿ ಕೆಳಗಾಯಿತು. ಉಮೇಶನದು ಆಗಲಿಲ್ಲ. ಬೀಸಿದ್ದು ಭಾವನಿಗೆ, ಬಿದ್ದದ್ದು ಅಪ್ಪಯ್ಯನ ಬಲ ಮಣಿಕಟ್ಟಿಗೆ. ತಟ್ಟೆ ಹಾರಿತು. ಕೈ ಮೊಳಕೈಯ ಕೆಳಗೆ ಇನ್ನೊಂದು ಮೊಳಕೈ ಬಂದ ಹಾಗೆ ಬಾಗಿತು, ಚರ್ಮ ಹರಿದು ಬಿಳಿ ಕಂಡಿತು. ಎಲ್ಲರೂ ನಿಂತಲ್ಲೇ ನಿಂತರು. ಅಪ್ಪಯ್ಯ ಕುಸಿದು ಕೂತು, ಎಡಗೈಯಲ್ಲಿ ಬಲಗೈಯನ್ನು ಮಗುವಿನ ಹಾಗೆ ಎತ್ತಿಕೊಂಡು, ಸುತ್ತ ನೋಡಿ ಹೇಳಿದರು: "ಉಮೇಶ, ಆ ಎಲೆ ಎತ್ಕೊಡು ಮಾರಾಯ. ನಂಗೆ ಬಗ್ಗಕ್ಕಾಗ್ತಿಲ್ಲ."

ಉಮೇಶ ಎತ್ತಿದ. ಇಷ್ಟು ವರ್ಷ ಅಪ್ಪಯ್ಯ ಎತ್ತು ಎಂದದ್ದನ್ನೆಲ್ಲ ಎತ್ತಿದವನು, ಕೈ ಸುಮ್ಮನಿರಬೇಕಲ್ಲ. ಎರಡು ಎಲೆ, ಒಂದು ಅಡಿಕೆ. ರಕ್ತವಾದ ಅಂಗೈಯಲ್ಲಿ ಇಟ್ಟ. ಇಟ್ಟ ಮೇಲೆ ಅಪ್ಪಯ್ಯ ತಮ್ಮ ಎಂದಿನ ಮಾತು ಹೇಳಿದರು. "ಇನ್ನು ಲಾಭ ನಷ್ಟ ನಂದು." ಕೊಟ್ಟವನಿಗೆ ತಾನು ಕೊಟ್ಟದ್ದು ವೀಳ್ಯ ಎಂದು ಆಗ ತಿಳಿಯಿತು. ಪೈಪನ್ನು ಒಯ್ದು ಉಳಿದ ಪೈಪುಗಳ ಪಕ್ಕ ಒರಗಿಸಿ ಇಟ್ಟ, ಬಾಡಿಗೆ ಸಾಮಾನು ವಾಪಸು ಮಾಡುವ ಹಾಗೆ. ಭಾವನನ್ನೂ ಅಪ್ಪಯ್ಯನನ್ನೂ ಆಸ್ಪತ್ರೆಗೆ ಸಾಗಿಸಿದ್ದು ಅದೇ ಪಿಕಪ್ಪು.

ಉಮೇಶನ ಮೇಲೆ ಕಂಪ್ಲೇಂಟ್ ಕೊಡಲು ಅಪ್ಪಯ್ಯ ಬಿಡಲಿಲ್ಲ. ನನಗೆ ಕೊಡಬೇಕೆಂದೇ ಇತ್ತು, ಈಗಲೂ ಇದೆ. ಆದರೆ ಅವನ ಬೆನ್ನು ನೋಡಿದೆ. ಅವನ ತಮ್ಮ ವಿನೋದ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಸತ್ತನಲ್ಲ, ಆ ವಿಮೆ ಹಣವನ್ನು ವಿನೋದನ ಹೆಂಡತಿ ಉಮೇಶನ ಕೈಗೆ ಕೊಟ್ಟಿದ್ದಳು. ಉಮೇಶ ನಿನ್ನ ಕೈಗೆ ಕೊಟ್ಟ. ಕಾಲುಭಾಗ ಮಾತ್ರ ಉಳಿದಿದೆ ಎಂದು ಮೆಸೇಜು ಬಂದ ದಿನ ಅವಳು ಒಲೆಯಿಂದ ಕೊಳ್ಳಿ ಎಳೆದು ಅವನಿಗೆ ಬಾರಿಸಿದ್ದಾಳೆ. ಅಂಗಿ ಸುಟ್ಟು ಬೆನ್ನಿಗೆ ಅಂಟಿದೆ. ಅವನು ತಪ್ಪಿಸಿಕೊಳ್ಳಲಿಲ್ಲವಂತೆ. ಕಮಿಷನ್ನು ಮೇಲಕ್ಕೆ ಹೋಗುತ್ತದೆ, ಏಟು ಕೆಳಕ್ಕೆ ಬರುತ್ತದೆ. ಅವಳಿಂದ ಅವನಿಗೆ, ಅವನಿಂದ ಭಾವನಿಗೆ, ಅಪ್ಪಯ್ಯನಿಗೆ. ಬರಬೇಕಾದಲ್ಲಿಗೆ ಇನ್ನೂ ಬಂದಿಲ್ಲ.

ತಪ್ಪು ಯಾರದು ಎಂದು ಮಲಗಿದಾಗಲೆಲ್ಲ ಯೋಚಿಸಿದೆ. ನೀನು ಏಜೆಂಟನಾಗಿದ್ದ ಬೆಂಗಳೂರಿನ ಆ ಕಂಪನಿಗೆ ಫೋನು ಹಚ್ಚಿದರೆ ಒಂದು ಹುಡುಗಿ ಜೇನಿನಂಥ ದನಿಯಲ್ಲಿ "ಹೂಡಿಕೆದಾರರು ಅಪಾಯವನ್ನು ಅರ್ಥ ಮಾಡಿಕೊಂಡು ಸಹಿ ಮಾಡಿದ್ದಾರೆ ಮೇಡಂ" ಅಂದಳು. ಸಹಿ ಮಾಡಿದ್ದು ಹೌದು, ಕಹಿ ನುಂಗಿದ್ದೂ ಹೌದು. ಜನರೇನು ಸಾಚಾಗಳಲ್ಲ. ಬ್ಯಾಂಕಿಗಿಂತ ಎರಡು ಪಟ್ಟು ಬಡ್ಡಿ ಎಂದಾಗ ಯಾಕೆ ಎಂದು ಯಾರೂ ಕೇಳಲಿಲ್ಲ, ಎಷ್ಟು ದಿನಕ್ಕೆ ಎಂದಷ್ಟೇ ಕೇಳಿದರು. ನಾನು ಅವರು ಸಹಿ ಹಾಕಿದ ಆ ಇಂಗ್ಲಿಷ್ ಕಾಗದವನ್ನು ಭಾವನ ಹಾಸಿಗೆ ಪಕ್ಕ ಕೂತು ಪೂರ್ತಿ ಓದಿದೆ. ಕನ್ನಡ ಮೀಡಿಯಮ್ಮಿನ ಬಿ.ಎ., ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಹಿಡಿಯಿತು. ಮೂರು ಕಂಪನಿಗಳ ಷೇರು, ಮೂರಕ್ಕೂ ಒಂದೊಂದು ಗೆರೆ. ಮೂರೂ ಗೆರೆಯ ಮೇಲಿದ್ದರೆ ಬಡ್ಡಿ. ಎರಡು ಎದ್ದು ಕುಣಿದರೂ ಒಂದು ಕೆಳಗೆ ಬಿದ್ದರೆ ಎಲ್ಲರ ಅಸಲಿಗೂ ಆ ಬಿದ್ದದ್ದರ ಗತಿ. ಅಂದರೆ ಮೂರು ತೋಟದಲ್ಲಿ ಒಂದಕ್ಕೆ ಕೊಳೆ ಬಂದರೆ ಮೂರರದೂ ಕೊಳೆತ ಲೆಕ್ಕ. ಆಸ್ಪತ್ರೆಯಲ್ಲಿ ಅಪ್ಪಯ್ಯನಿಗೆ ಹೀಗೆಂದು ಹೇಳಿದೆ. ಅಷ್ಟು ನೋವಿನಲ್ಲೂ ನಕ್ಕುಬಿಟ್ಟರು. "ಇಂಥ ಚೇಣಿಗೆ ಯಾವ ಹುಚ್ಚ ಒಪ್ತಾನೆ?" ಅಂದರು. ಗೆರೆ ಎಳೆದವರು ಅವರು, ಬರೆ ಬಿದ್ದದ್ದು ಇವರಿಗೆ. ಅಸಲೂ ಇಲ್ಲ, ಫಸಲೂ ಇಲ್ಲ.

ನೀನು ಮೋಸಗಾರನಲ್ಲ ದಿನೇಶ. ಮೋಸಗಾರನಾಗಿದ್ದರೆ ನಿನ್ನ ಸ್ವಂತ ದುಡ್ಡನ್ನೂ ಅದರಲ್ಲೇ ಹಾಕುತ್ತಿರಲಿಲ್ಲ. ನಿನಗೆ ಅದು ಅರ್ಥವೇ ಆಗಿರಲಿಲ್ಲ. ಮೈಕಿನಲ್ಲಿ "ಎಫ್‌ಡಿ ಇದ್ದಂಗೇ, ಸ್ವಲ್ಪ ಚುರುಕು ಅಷ್ಟೆ" ಅಂದೆಯಲ್ಲ, ಅದು ಅವರು ಹೇಳಿಕೊಟ್ಟ ಗಿಣಿಪಾಠ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ಮಾರಿದೆ, ಅದೂ ಅಪ್ಪಯ್ಯನ ಮುಖ ಹಾಕಿಕೊಂಡು. ನಿನ್ನ ಪಾಲಿನ ತಪ್ಪು ಅಷ್ಟು. ಅದು ಸಣ್ಣದಲ್ಲ, ಪೂರ್ತಿಯೂ ಅಲ್ಲ. ಸಾಗರದ ವಕೀಲರು ಹೇಳಿದ್ದು ಕೇಳು. ಕಾಗದದಲ್ಲಿ ಒಂದು ಬರೆದು, ಏಜೆಂಟರಿಗೆ ಇನ್ನೊಂದು ಹೇಳಿಕೊಟ್ಟರು ಎಂದು ಒಬ್ಬ ಏಜೆಂಟನೇ ನಿಂತು ಹೇಳಿದರೆ ಕಂಪನಿಯ ಕೊರಳಪಟ್ಟಿ ಹಿಡಿಯಬಹುದಂತೆ. ನೀನು ಅಡಗಿ ಕೂತರೆ ಉಳಿಯುವುದು ಬರೀ ಸಹಿ. ಅಂದರೆ ದುಡ್ಡು ಕಳೆದುಕೊಂಡವರಿಗೆ ನೀನು ಬದುಕಿರಬೇಕು. ಹೊಡೆಯುವಾಗ ಈ ಮಾತು ಅವರಿಗೆ ನೆನಪಿರುತ್ತದೆಯೋ ಇಲ್ಲವೋ ಹೇಳಲಾರೆ.

ಈಗ ಅಪ್ಪಯ್ಯ ವೀಳ್ಯ ತೆಗೆದುಕೊಂಡಾಗಿದೆ. ಗೇಣಿ ಮಾಡುತ್ತಿದ್ದು ಕೊನೆಗೆ ನಮ್ಮದೇ ಎಂದು ಪತ್ರ ಸಿಕ್ಕಿದ ತೋಟವನ್ನು, ಎಲ್ಲರ ನಷ್ಟ ತುಂಬಲು, ಸೋಮವಾರ ಗೌಡರ ಅಳಿಯನಿಗೆ ಮಾರಿ ರಿಜಿಸ್ಟರ್ ಮಾಡಿಕೊಡುತ್ತಾರಂತೆ. ಬಲಗೈ ಪ್ಲಾಸ್ಟರಿನಲ್ಲಿದೆ, ಎಡ ಹೆಬ್ಬೆಟ್ಟು ಸಾಕಲ್ಲ ಎಂದು ಕೇಳುತ್ತಾರೆ. ಬೇಡಿ ಎಂದರೆ "ಎಲೆ ಇಸ್ಕಂಡಾಗಿದೆ ಮಗಾ" ಎನ್ನುತ್ತಾರೆ, ಮುಗಿಯಿತು. ಬಿಡಿಸಿಕೊಳ್ಳುವ ದಾರಿ ಒಂದೇ, ಅದೂ ನಿನಗೆ ಗೊತ್ತಿರುವುದೇ. ಅಪ್ಪಯ್ಯನಿಗೆ ಕಾಮಾಲೆಯಾದ ವರ್ಷ ದೊಡ್ಡಪ್ಪ ಅವರ ಎಲೆಯನ್ನು ತಾನು ತೆಗೆದುಕೊಂಡು, ಆ ಮಾತು ಹೇಳಿ, ಚೇಣಿ ತನ್ನದು ಮಾಡಿಕೊಂಡರಲ್ಲ. ಸಂಬಂಧದವನೊಬ್ಬ ತೆಗೆದುಕೊಂಡರೆ ಮೊದಲಿನವನಿಗೆ ಬಿಡುಗಡೆ. ನಿನ್ನ ಕಾರಿದೆ, ಸಾಗರದ ಸೈಟಿದೆ, ಕೋರ್ಟಿನಲ್ಲಿ ಹೇಳಲು ನಾಲಿಗೆ ಇದೆ. ದವಡೆಯೂ ಸದ್ಯಕ್ಕೆ ನೆಟ್ಟಗಿದೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಅವಳ ಬಿ.ಪಿ. ಮಾತ್ರೆ ತಪ್ಪಿಸದಂತೆ ನೋಡಿಕೋ. ಭಾವ ನಿನ್ನನ್ನು ಕೇಳಿದ್ದಾರೆಂದು ಬರೆಯುವುದು ಪದ್ಧತಿ, ಆದರೆ ಬಾಯಿಗೆ ತಂತಿ ಬಿಗಿದಿರುವುದರಿಂದ ಏನು ಕೇಳಿದರೆಂದು ಸ್ಪಷ್ಟವಿಲ್ಲ. ನಾನು ನಿನ್ನನ್ನು ಎತ್ತಿ ಆಡಿಸಿದವಳು, ನಿನಗೆ ಕೇಡು ಬಯಸಲಾರೆ, ಹಾಗೆಂದು ಅಪ್ಪಯ್ಯನನ್ನು ಬೀದಿಗೂ ಬಿಡಲಾರೆ. ದೇವರು ನಿನ್ನ ತಲೆ ಕಾಯಲಿ, ಕಾಲಿಗೆ ಬುದ್ಧಿ ಹೇಳುವುದನ್ನು ನಿಲ್ಲಿಸಲಿ.

ಇಂತಿ ನಿನ್ನ ಅಕ್ಕ,
ಸುಪ್ರಿಯಾ

ಮರೆತಿದ್ದೆ: ಈ ಕಾಗದ ತಂದವನು ಉಮೇಶ. ಈಗ ಚಿಕ್ಕಮ್ಮನ ಮನೆಯ ಬಾಗಿಲ ಹೊರಗೆ ನಿಂತಿದ್ದಾನೆ. ಗೌಡರು ಪಿಕಪ್ಪಿನಲ್ಲಿದ್ದಾರೆ. ನಾನು ಕೊಟ್ಟು ಕಳಿಸಿದ ಅಪ್ಪಯ್ಯನ ಎಲೆ ಉಮೇಶನ ಅಂಗಿ ಜೇಬಿನಲ್ಲಿದೆ, ಬಾಡಿದೆ, ಕಲೆಯಾಗಿದೆ, ಆದರೆ ಅದೇ ಎಲೆ. ಬೆಳಿಗ್ಗೆ ಅವನು ಕಾಗದಕ್ಕೆಂದು ಬಂದು ಪಿಕಪ್ಪಿನಲ್ಲಿ ಕಾಯುತ್ತಿರುವಾಗ ನೋಡಿದರೆ ಅಂಗಡಿಯಲ್ಲಿ ಶಾಮಿಯಾನದ ಪೈಪು ಒಂದು ಕಡಿಮೆ. ಹಿತ್ತಲ ಬಾಗಿಲ ಯೋಚನೆ ಬೇಡ, ಅಲ್ಲಿಯೂ ಒಬ್ಬರನ್ನು ನಿಲ್ಲಿಸುತ್ತೇವೆ ಎಂದು ಗೌಡರು ಹೇಳಿದ್ದಾರೆ. ಬಾಗಿಲು ತೆಗೆದು ಏನೂ ಮಾತಾಡದೆ ಮೊದಲು ಎರಡೂ ಕೈ ಚಾಚು. ನೀನು ಓದಿ ಮುಗಿಸುವವರೆಗೆ ಬಾಗಿಲು ಮುಟ್ಟುವುದಿಲ್ಲ ಎಂದು ಉಮೇಶ ನನಗೆ ಮಾತು ಕೊಟ್ಟಿದ್ದಾನೆ. ಅದಕ್ಕೇ ಇಷ್ಟು ಉದ್ದ ಬರೆದೆ.