ಬರಿದಾದ ನಲವತ್ತು ಫೈಲುಗಳು

ನನ್ನ ವಿಶಾಲಾಕ್ಷಿ ಮೇಡಂ,

ಎಂಬತ್ತೈದರಲ್ಲಿ ನಾನು ಟೈಪ್‌ರೈಟರ್ ಬಿಟ್ಟು ಜಯನಗರದ ನಮ್ಮ ಆಫೀಸಿನ ಕಂಪ್ಯೂಟರ್ ರೂಮಿಗೆ ಬಂದಾಗ ನೀವು ನನ್ನ ಸೀನಿಯರ್. ನಲವತ್ತು ಟರ್ಮಿನಲ್, ಒಂದೊಂದಕ್ಕೂ ಅದು ಹೇಗೆ ನಡೆಯಬೇಕೆಂದು ಬರೆದಿಟ್ಟ ಒಂದು ಕಾನ್ಫಿಗರೇಶನ್ ಫೈಲು; ಯಾವ ಪ್ರಿಂಟರಿಗೆ ಕಳಿಸಬೇಕೆಂಬುದೂ ಅದರಲ್ಲೇ. ಹೊಸ ಪ್ರಿಂಟರ್ ಬಂದ ದಿನ ಒಂದೊಂದೇ ಫೈಲು ತೆರೆದು ಹೆಸರು ತಿದ್ದಲು ಕೂತಿದ್ದೆ. "ಏಳಮ್ಮ, ಬೆರಳು ಸವೆಸ್ಕೋಬೇಡ," ಎಂದು ನೀವು, ಯಂತ್ರವೇ ಎಲ್ಲ ಫೈಲನ್ನೂ ತಿದ್ದುವಂತೆ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದಿರಿ. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ತರುವಷ್ಟರಲ್ಲಿ ನಲವತ್ತರಲ್ಲೂ ಹೆಸರು ಬದಲಾಗಿತ್ತು. ನಂಬಿಕೆ ಬಾರದೆ ಪ್ರತಿಯೊಂದನ್ನೂ ತೆರೆದು ನೋಡಿದೆ. ನೀವು ನಕ್ಕಿರಿ. ಅಂಥ ಬೆರಗು ಮತ್ತೆ ಯಾವುದರ ಮುಂದೆ...

ಆ ಬೆರಗೇ ನನ್ನನ್ನು ಕೆಡಿಸಿತು ನೋಡಿ. ತಿಂಗಳ ನಂತರ ಒಂದು ಬೆಳಿಗ್ಗೆ, ನೀವು ಬರುವ ಮೊದಲೇ, ಇನ್ನೊಂದು ಪ್ರಿಂಟರ್ ಬಂದಿತ್ತೆಂದು ನಾನೇ ಸ್ಕ್ರಿಪ್ಟ್ ಬರೆದು ಓಡಿಸಿದೆ. ತಿದ್ದಿದ್ದನ್ನು ಬೇರೆ ಫೈಲಿಗೆ ಬರೆಸಿ ಆಮೇಲೆ ಹಳೆಯದರ ಜಾಗಕ್ಕೆ ಸರಿಸಬೇಕೆಂದು ನೀವು ಹೇಳಿಕೊಟ್ಟಿದ್ದಿರಿ. ಎರಡೆರಡು ಕೆಲಸ ಯಾಕೆಂದು ನಾನು ನೇರ ಅದೇ ಫೈಲಿಗೆ ಬರೆಸಿದೆ. ಓದುವ ಮೊದಲೇ ಯಂತ್ರ ಅದನ್ನು ಬರಿದು ಮಾಡಿಬಿಡುತ್ತದೆಂದು ನನಗೇನು ಗೊತ್ತು? ನಲವತ್ತೂ ಖಾಲಿ. ಬೇರೆ ಪ್ರತಿ ಇರಲಿಲ್ಲ. ಆಫೀಸಿನ ಕೆಲಸವೆಲ್ಲ ನಿಂತುಹೋಯಿತು.

ಪಕ್ಕದ ಯಡಿಯೂರಿನ ಮನೆಯಿಂದ ನಡೆದು ಬಂದ ನೀವು ಬಯ್ಯಲಿಲ್ಲ. ಒಂದೇ ಒಂದು ಫೈಲನ್ನು ನೆನಪಿನಿಂದ ಪೂರ್ತಿ ಟೈಪ್ ಮಾಡಿದಿರಿ. ಟರ್ಮಿನಲ್ ನಂಬರ್ ಬರಬೇಕಾದ ಕಡೆ ಒಂದು ಗುರುತಿಟ್ಟಿರಿ. ಆಮೇಲೆ ಇನ್ನೊಂದು ಸ್ಕ್ರಿಪ್ಟ್. ಗುರುತಿನ ಜಾಗದಲ್ಲಿ ಒಂದು, ಎರಡು, ಮೂರು ಎಂದು ಕೂರುತ್ತ ಕಣ್ಣೆದುರೇ ನಲವತ್ತು ಫೈಲು ಹುಟ್ಟಿದವು. ಅಷ್ಟೊಂದು ಸಾಲು ನಿಮ್ಮ ತಲೆಯಲ್ಲಿ ಹೇಗೆ ಉಳಿದಿತ್ತು ಮೇಡಂ? ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಮ್ಯಾನೇಜರ್ ಬಂದು "ಯಾರ್ರೀ ಮಾಡಿದ್ದು ಇದು?" ಎಂದರು. ನನಗಿನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. "ನನ್ನ ಕೈತಪ್ಪು ಸಾರ್," ಎಂದಿರಿ ನೀವು. ನಾನು ನೆಲ ನೋಡುತ್ತ ಸುಮ್ಮನಿದ್ದೆ. ಆ ವರ್ಷ ನಿಮಗೆ ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾಯಿತು. ಅಳುತ್ತ ಬಂದ ನನಗೆ ನೀವೇ ಸಮಾಧಾನ ಹೇಳಿದಿರಿ: "ಬಿಡಮ್ಮ, ನಂಗೆ ಈ ರೂಮೇ ಸಾಕು." ಒಂದು ಜೀವ ಅಷ್ಟು ದೊಡ್ಡದಾಗಿರಲು ಹೇಗೆ ಸಾಧ್ಯ?

ನೀವು ಹೋಗಿ ಹದಿನೈದು ದಿನವಾಯಿತು. ನಿನ್ನೆ ಆಫೀಸಿನಲ್ಲಿ ನಿಮಗೆ ಸಂತಾಪ ಸಭೆ. ಅದೇ ಮ್ಯಾನೇಜರ್ ನಿಮ್ಮನ್ನು ಬಾಯ್ತುಂಬ ಹೊಗಳಿ, ಕೊನೆಗೆ "ಒಂದೇ ಸಲ ಎಡವಿದ್ರು, ಪಾಪ," ಎಂದರು. ನಾನು ಎದ್ದು ನಿಂತೆ.

"ಎಡವಿದ್ದು ನಾನು ಸಾರ್. ಅವ್ರು ಸರಿ ಮಾಡಿದ್ದು ಅಷ್ಟೇ."

ನೀವಿರುವಾಗಲೇ ಹೇಳಬೇಕಿತ್ತು, ಮೇಡಂ.

ನಿಮ್ಮ
ಸರೋಜ