ತಾನಾಗಿ ಯೋಚಿಸದ ಕಾರು

ಬೌಲಿಂಗ್ ಗ್ರೀನ್, ಕೆಂಟಕಿ
ಆಗಸ್ಟ್ 20, ಮಂಗಳವಾರ

ನನ್ನ ಲೆನೋರ್,

ಇದನ್ನು ಹೇಳದೆಯೇ ಇದ್ದುಬಿಡುವುದರಲ್ಲಿದ್ದೆ. ಅಜ್ಜ ನಿನಗೆ ಬಿಟ್ಟುಹೋದ ಕಾರ್ವೆಟ್ ಕಾರು ಕೆಟ್ಟಿಲ್ಲ. ಭಾನುವಾರ ನಿನ್ನಲ್ಲಿಗೆ ಊಟಕ್ಕೆ ಬಂದಿದ್ದೆನಲ್ಲ, ನೀನು ಒಳಗೆ ಕಾರ್ನ್‌ಬ್ರೆಡ್ ಬಿಸಿ ಮಾಡುತ್ತಿದ್ದಾಗ ಬಾನೆಟ್ ಎತ್ತಿ, ಇಂಜಿನ್‌ಗೆ ಕಿಡಿ ಹಂಚುವ ಪುಟ್ಟ ರೋಟರನ್ನು ಕಳಚಿ ಪರ್ಸಿಗೆ ಹಾಕಿಕೊಂಡೆ. ಅದಿಲ್ಲದೆ ಕಾರು ಸ್ಟಾರ್ಟ್ ಆಗುವುದಿಲ್ಲ. ನಿನ್ನೆ ನೀನು ಫೋನ್ ಮಾಡಿದಾಗ, ಹಳೇ ಕಾರು, ಹಠ ಮಾಡುತ್ತೆ, ಮೆಕ್ಯಾನಿಕ್‌ನ ಕರೆಸಬೇಡ, ನಾನೇ ಬಂದು ನೋಡುತ್ತೇನೆ ಎಂದೆ.

ಶನಿವಾರ ನೀನು ಕಾರ್ವೆಟ್‌ಗಳ ಮೆರವಣಿಗೆಯ ಸಾಲಿನಲ್ಲಿ ಮಾಂಟೀಗಲ್ ಬೆಟ್ಟ ಇಳಿಯುತ್ತೀಯಲ್ಲ, ಅದಕ್ಕೇ ಹೀಗೆ ಮಾಡಿದೆ. ಎಲ್ಲ ತಲೆಮಾರಿನವೂ ಅಲ್ಲಿರುತ್ತವೆ: ಹಿಂದಿನ ಗಾಜು ಎರಡು ಭಾಗವಾಗಿರುವವು, ದೀಪಗಳು ರೆಪ್ಪೆ ತೆರೆದಂತೆ ಮೇಲೇಳುವವು, ಇಂಜಿನ್ ಸೀಟಿನ ಹಿಂದಕ್ಕೆ ಹೋದ ಈಚಿನವು. ನಿನ್ನದು ಅರವತ್ತೆರಡರದು, ಅಜ್ಜ ಸೇಂಟ್ ಲೂಯಿಸ್‌ನ ಕಾರ್ವೆಟ್ ಕಾರ್ಖಾನೆಯಲ್ಲಿ ಕಾರಿನ ಫೈಬರ್ ಮೈಯನ್ನು ಉಜ್ಜಿ ನಯಮಾಡುತ್ತಿದ್ದ ಕಾಲದ್ದು. ಅವರ ನಂತರ ನಾನು ಇಲ್ಲಿನ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷಿಸುತ್ತಾ ಬಂದೆ. ಪ್ರತಿ ಹೊಸ ಮಾದರಿಯಲ್ಲೂ ಓಡಿಸುವವರ ಒಂದಿಷ್ಟು ಎಚ್ಚರವನ್ನು ಕಾರಿಗೇ ಒಪ್ಪಿಸಿದೆವು. ನೀನು ಕಲಿತದ್ದು ಚಕ್ರ ಬಿಗಿಯದಂತೆ ತಾನೇ ನೋಡಿಕೊಳ್ಳುವ ಅಂಥ ಕಾರಿನಲ್ಲಿ. ಗಾಬರಿಯಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿ ಎಂದು ಕಲಿಸಿದವಳೂ ನಾನೇ. ಅಜ್ಜನ ಕಾರಿನಲ್ಲಿ ಹಾಗೆ ಮಾಡಿದರೆ ಚಕ್ರ ಬಿಗಿದು ಕಾರು ಅಡ್ಡ ತಿರುಗುತ್ತದೆ. ಇಳಿಜಾರಿನುದ್ದಕ್ಕೂ ಒತ್ತುತ್ತಲೇ ಬಂದರೆ ಬ್ರೇಕ್ ಕಾದು ಹಿಡಿತ ಬಿಟ್ಟು, ಕಾಲಡಿ ಏನೂ ಇಲ್ಲದಂತಾಗುತ್ತದೆ.

ನಿನ್ನ ವಯಸ್ಸಿನಲ್ಲಿ ಇದೇ ಕಾರಿನಲ್ಲಿ ನನಗೆ ಹಾಗಾಗಿತ್ತು. ಪಕ್ಕದಲ್ಲಿದ್ದ ಅಜ್ಜ ಕೂಗಲಿಲ್ಲ, ಗೇರ್ ಇಳಿಸು ಅಂದರು. ಕಾರು ಬೇಲಿಗೆ ಉಜ್ಜಿಕೊಂಡು ನಿಂತ ಮೇಲೆ, "ನೋಡು ಪುಟ್ಟಿ, ಈ ಕಾರಲ್ಲಿ ತಲೆ ಅಂತ ಇರೋದು ಒಂದೇ. ಅದೂ ನಿಂದೇ, ಏನ್ ಮಾಡೋದು" ಎಂದು ನಕ್ಕರು.

ಭಾನುವಾರ ಇದನ್ನೆಲ್ಲ ಹೇಳಲು ಹೊರಟರೆ ನೀನು, "ಅಮ್ಮಾ, ದಿನವಿಡೀ ಕಾರಿಗೆ ಬ್ರೇಕ್ ಹಾಕಿ ಸಾಕಾಗ್ಲಿಲ್ವಾ, ಈಗ ನಂಗೂ ಹಾಕ್ತೀಯಾ?" ಎಂದೆ. ನಕ್ಕು ಮಾತು ಬದಲಿಸಿದೆ.

ಆದ್ದರಿಂದ ಬರೆಯುತ್ತಿದ್ದೇನೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸು. ಬ್ರೇಕನ್ನು ಒತ್ತಿ ಬಿಡು, ಒತ್ತಿ ಬಿಡು. ಹೊಸ ಕಾರಿನ ಹಿಂದೆ ಅಂಟಿಕೊಂಡು ಹೋಗಬೇಡ, ಅದು ನಿಂತಷ್ಟು ಬೇಗ ನೀನು ನಿಲ್ಲಲಾರೆ. ರೋಟರ್ ಈ ಲಕೋಟೆಯಲ್ಲಿದೆ. ಬೆಳೆದ ಮಗಳ ಕಾರನ್ನು ಹೀಗೆ ಕದ್ದು ನಿಲ್ಲಿಸುವ ಹಕ್ಕು ನನಗೆಲ್ಲಿದೆ? ನನ್ನಮ್ಮ ಹೀಗೆ ಮಾಡಿದ್ದರೆ ನಾನು ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದೆ.

ನಿನ್ನ ಅಮ್ಮ,
ರಮೋನಾ

ತಾ.ಕ.: ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಇದನ್ನು ಹಾಕುವುದು ಶನಿವಾರ ಕಳೆದ ಮೇಲೆ, ಆಗಸ್ಟ್ 26, ಸೋಮವಾರ.